ಗೇರ್ ಎಣ್ಣೆಗೂ ಬೇಕು ತಂಪು

ಮಕರ ಸಂಕ್ರಾಂತಿಯ ದಿನ ಡಾಬಸ್‌ಪೇಟೆಯಿಂದ ಶಿವಗಂಗೆಯತ್ತ ತಿರುಗುವ ರಸ್ತೆಯಲ್ಲಿ ನಿಂತು ನೋಡಬೇಕು. ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ಮದುವೆಯ ಸಂಭ್ರಮ. ಬಸ್ಸು, ಕಾರು, ಟ್ರ್ಯಾಕ್ಟರುಗಳ ಸಾಲಿನ ನಡುವೆ ಕಬ್ಬು, ಕಡ್ಲೆಪುರಿ, ಬೆಂಡು-ಬತ್ತಾಸಿನ ಮೂಟೆ ಹೊತ್ತ ಹಳೆಯ ಪಿಕಪ್ಪುಗಳೂ ತೆವಳುತ್ತಿರುತ್ತವೆ. ಹತ್ತು ಮಾರು ಮುಂದೆ, ಮತ್ತೆ ನಿಲುಗಡೆ, ಮತ್ತೆ ಹತ್ತು ಮಾರು. ಅಷ್ಟರಲ್ಲಿ ಯಾವುದೋ ಒಂದರ ಬಾನೆಟ್ಟು ಮೇಲೇಳುತ್ತದೆ, ಆವಿ ಬುಸುಗುಡುತ್ತದೆ, ಎಲ್ಲಿಂದಲೋ ನೀರಿನ ಕೊಡ ಬರುತ್ತದೆ. ಸುತ್ತ ನೆರೆದವರಲ್ಲಿ ಸಲಹೆ ಕೊಡದವರೇ ಇಲ್ಲ. ರೇಡಿಯೇಟರು, ಫ್ಯಾನ್ ಬೆಲ್ಟು, ಥರ್ಮೋಸ್ಟಾಟು ಎಲ್ಲದರ ಮಾತೂ ಆಗುತ್ತದೆ. ಗೇರ್‌ಪೆಟ್ಟಿಗೆ ಎಷ್ಟು ಕಾದಿದೆ ಎಂದು ಕೇಳುವವರು ಮಾತ್ರ ಒಬ್ಬರೂ ಸಿಗುವುದಿಲ್ಲ.

ಕೇಳುವ ಅಗತ್ಯವೂ ನಮ್ಮಲ್ಲಿ ಹೆಚ್ಚಾಗಿ ಬಿದ್ದಿರಲಿಲ್ಲವೆನ್ನಿ. 1988ರಲ್ಲಿ ಬಂದ ಟಾಟಾ ಮೊಬೈಲ್, ಹಳ್ಳಿಹಳ್ಳಿಗೂ ಪರಿಚಿತವಾದ ಮಹೀಂದ್ರ ಪಿಕಪ್, 2005ರ ಟಾಟಾ ಏಸ್ ಇವೆಲ್ಲವೂ ಕೈಗೇರಿನ ಗಾಡಿಗಳು. ಇವುಗಳ ಪೆಟ್ಟಿಗೆಯೊಳಗೆ ದಪ್ಪ ಎಣ್ಣೆ ತಳದಲ್ಲಿ ನಿಂತಿರುತ್ತದೆ. ಹಲ್ಲುಗಾಲಿಗಳು ಅದರಲ್ಲಿ ಅದ್ದಿ ತಿರುಗುತ್ತ ಎರಚಿಕೊಂಡದ್ದೇ ಅವಕ್ಕೆ ಅಭ್ಯಂಜನ. ಹುಟ್ಟುವ ಬಿಸಿಯೂ ಕಡಿಮೆ. ಲೋಹದ ಕವಚವೇ ಅದನ್ನು ಗಾಳಿಗೆ ಬಿಟ್ಟುಕೊಡುತ್ತದೆ.

ಆದರೆ ಕಾಲ ಬದಲಾಗುತ್ತಿದೆ. 2022ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಟೊಯೊಟಾ ಹೈಲಕ್ಸ್ ಪಿಕಪ್ಪಿನಲ್ಲಿ ತಾನಾಗಿ ಗೇರು ಬದಲಿಸಿಕೊಳ್ಳುವ ಮಾದರಿಯೂ ಇದೆ. ಇಂಥ ಗಾಡಿಗಳು ಹಳೆಯದಾಗಿ ಎರಡನೆಯ, ಮೂರನೆಯ ಕೈಗೆ ಬಂದಾಗ ನಮ್ಮ ಮೆಕ್ಯಾನಿಕ್‌ಗಳ ಮುಂದೆ ಒಂದು ಹೊಸ ಪ್ರಶ್ನೆ ನಿಲ್ಲುತ್ತದೆ. ಅಮೆರಿಕದ ಪಿಕಪ್ ಮಾಲೀಕರು ಬಹುಕಾಲದಿಂದ ಉತ್ತರಿಸಿಕೊಂಡು ಬಂದಿರುವ ಪ್ರಶ್ನೆ ಅದು: ಗೇರ್ ಎಣ್ಣೆಗೆಂದೇ ಇನ್ನೊಂದು ಪುಟ್ಟ ರೇಡಿಯೇಟರ್ ಬೇಕೆ?

ಎದುರುಬದುರು ಫ್ಯಾನುಗಳು

ಸ್ವಯಂಚಾಲಿತ ಗೇರು ಇಂದು ನಿನ್ನೆಯದಲ್ಲ. ಜನರಲ್ ಮೋಟಾರ್ಸ್ ಸಂಸ್ಥೆ 1939ರಲ್ಲಿಯೇ ಹೈಡ್ರಾಮ್ಯಾಟಿಕ್ ಎಂಬ ಹೆಸರಿನಲ್ಲಿ ಅದನ್ನು ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ಅಳವಡಿಸಿತು. ಈ ಬಗೆಯ ಗಾಡಿಯಲ್ಲಿ ಕ್ಲಚ್ ಪೆಡಲ್ ಇಲ್ಲ. ಎಂಜಿನ್ನಿಗೂ ಗೇರಿಗೂ ನಡುವೆ ಇರುವುದು ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದಕ್ಕೆ ಮಾತ್ರ ವಿದ್ಯುತ್ ಕೊಟ್ಟರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲ, ಹಾಗೆಯೇ ಇದೂ. ಇಲ್ಲಿ ಗಾಳಿಯ ಬದಲು ಎಣ್ಣೆ.

ಎರಡೂ ಫ್ಯಾನು ಒಂದೇ ವೇಗದಲ್ಲಿ ತಿರುಗುವುದಿಲ್ಲ ಎಂಬುದೇ ತೊಂದರೆಯ ಮೂಲ. ಆ ವ್ಯತ್ಯಾಸವೆಲ್ಲ ಎಣ್ಣೆಯಲ್ಲಿ ಬಿಸಿಯಾಗಿ ಉಳಿಯುತ್ತದೆ. ಎಂಜಿನ್ 40 ಕಿಲೋವ್ಯಾಟ್ ಶಕ್ತಿ ಕೊಟ್ಟು, ಕನ್ವರ್ಟರ್ ಅದರಲ್ಲಿ ನೂರಕ್ಕೆ 85 ಭಾಗವನ್ನಷ್ಟೇ ದಾಟಿಸಿತು ಎಂದಿಟ್ಟುಕೊಳ್ಳಿ. ಉಳಿದ 6 ಕಿಲೋವ್ಯಾಟ್ ಶುದ್ಧ ಶಾಖ. ಬಚ್ಚಲುಮನೆಯ 2 ಕಿಲೋವ್ಯಾಟ್ ಗೀಜರುಗಳನ್ನು ಮೂರು ಒಟ್ಟಿಗೆ ಹಾಕಿದಷ್ಟು! ತುಮಕೂರು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವಾಗ ಈ ಕಾಟವಿಲ್ಲ. ಈಚಿನ ಗಾಡಿಗಳಲ್ಲಿ ಆಗ ಕನ್ವರ್ಟರೊಳಗಿನ ಒಂದು ಕ್ಲಚ್ಚು ಎರಡು ಫ್ಯಾನುಗಳನ್ನೂ ಬಿಗಿಯಾಗಿ ಹಿಡಿದುಬಿಡುತ್ತದೆ, ಜಾರಾಟ ನಿಲ್ಲುತ್ತದೆ. ಭಾರ ಹೇರಿಕೊಂಡು, ಏರಿನಲ್ಲಿ, ನಿಂತು ನಿಂತು ಸಾಗುವಾಗಲೇ ಕುದಿ. ಅಂದರೆ ಸಂಕ್ರಾಂತಿಯ ಶಿವಗಂಗೆ ದಾರಿ.

ಇದೇ ಬೆಟ್ಟದ ಗಂಗಾಧರೇಶ್ವರನ ಲಿಂಗಕ್ಕೆ ತುಪ್ಪ ಸವರಿದರೆ ಅದು ಬೆಣ್ಣೆಯಾಗುತ್ತದೆ ಎಂಬುದು ಭಕ್ತರ ನಂಬಿಕೆ. ಗೇರ್‌ಪೆಟ್ಟಿಗೆಯಲ್ಲಿ ನಡೆಯುವುದು ತದ್ವಿರುದ್ಧ. ಕಾದಂತೆಲ್ಲ ಎಣ್ಣೆ ತೆಳುವಾಗುತ್ತದೆ, ಕಪ್ಪಾಗುತ್ತದೆ, ರಬ್ಬರಿನ ಸೀಲುಗಳು ಗಡುಸಾಗುತ್ತವೆ, ಕೊನೆಗೆ ಒಳಗಿನ ಕ್ಲಚ್ ತಟ್ಟೆಗಳು ಜಾರತೊಡಗುತ್ತವೆ. 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ 11 ಡಿಗ್ರಿಗೆ ಎಣ್ಣೆಯ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಗ್ಯಾರೇಜುಗಳಲ್ಲಿ ರೂಢಿಯಲ್ಲಿರುವ ಅಂದಾಜು. ಈಚಿನ ಕೃತಕ ಎಣ್ಣೆಗಳು ಇನ್ನಷ್ಟು ತಾಳಿಕೊಳ್ಳುತ್ತವೆ, ನಿಜ. ಹಳೆಯ ಗಾಡಿಗೆ ಈ ಲೆಕ್ಕ ನಂಬಿದರೆ ನಷ್ಟವಿಲ್ಲ. ಗೇರ್‌ಪೆಟ್ಟಿಗೆ ಬಿಚ್ಚಿ ಹೊಸದಾಗಿ ಕಟ್ಟಿಸುವ ಖರ್ಚು ಹಳೆಯ ಪಿಕಪ್ಪಿನ ಬೆಲೆಯನ್ನೇ ಮೀರುವುದುಂಟು. ಬಾಡಿಗೆ ಓಡಿಸಿ ಹೊಟ್ಟೆ ಹೊರೆಯುವವನಿಗೆ ಅದು ಗಾಡಿಯನ್ನೇ ಕಳೆದುಕೊಂಡ ಲೆಕ್ಕ.

ಒಂದೇ ತೊಟ್ಟಿಯಲ್ಲಿ ಎರಡು ನೀರು

ಕಂಪನಿಯವರು ಇದಕ್ಕೆ ಏನೂ ಮಾಡಿಲ್ಲವೆಂದಲ್ಲ. ಎಂಜಿನ್ನಿನ ರೇಡಿಯೇಟರಿನ ತೊಟ್ಟಿಯೊಳಗೆ ಒಂದು ಕೊಳವೆ ಇಟ್ಟು, ಅದರ ಮೂಲಕ ಗೇರ್ ಎಣ್ಣೆಯನ್ನು ಹಾಯಿಸುವುದು ಹಳೆಯ ಪದ್ಧತಿ. ಇದರಲ್ಲಿ ಎರಡು ಕೊರತೆ. ತೊಟ್ಟಿಯ ನೀರೇ 90 ಡಿಗ್ರಿಯ ಆಸುಪಾಸಿನಲ್ಲಿರುವಾಗ ಎಣ್ಣೆ ಅದಕ್ಕಿಂತ ಕೆಳಗಿಳಿಯುವುದು ಹೇಗೆ? ಎರಡನೆಯದು ಇನ್ನೂ ಕೆಟ್ಟದ್ದು. ಒಳಗಿನ ಕೊಳವೆ ತೂತಾದರೆ ನೀರೂ ಎಣ್ಣೆಯೂ ಬೆರೆತು ಗುಲಾಬಿ ಬಣ್ಣದ ಲಸ್ಸಿಯಂಥ ದ್ರವ ಗೇರ್‌ಪೆಟ್ಟಿಗೆಯೊಳಗೆ ಹರಿಯುತ್ತದೆ. ಕ್ಲಚ್ ತಟ್ಟೆಯ ಅಂಟು ಬಿಡುತ್ತದೆ. ಅಮೆರಿಕದಲ್ಲಿ 2005ರಿಂದ 2010ರವರೆಗಿನ ನಿಸ್ಸಾನ್ ಫ್ರಾಂಟಿಯರ್ ಪಿಕಪ್ಪುಗಳಲ್ಲಿ ಹೀಗಾಗಿ, ರೇಡಿಯೇಟರಿನ ಖಾತರಿಯನ್ನು ಕಂಪನಿ 8 ವರ್ಷ ಅಥವಾ 80 ಸಾವಿರ ಮೈಲಿಗಳವರೆಗೆ ವಿಸ್ತರಿಸಬೇಕಾಯಿತು.

ಹೀಗಾಗಿ ಪ್ರತ್ಯೇಕ ಕೂಲರ್. ನೋಡಲು ಎಸಿ ಯಂತ್ರದ ಜಾಲರಿಯ ತುಂಡಿನಂತಿರುವ ವಸ್ತು. ಬಳುಕಿಸಿದ ಕೊಳವೆಗೆ ರೆಕ್ಕೆ ಹೊಂದಿಸಿದ್ದು ಅಗ್ಗ. ತೆಳು ತಟ್ಟೆಗಳನ್ನು ಪೇರಿಸಿದ್ದು ಸ್ವಲ್ಪ ದುಬಾರಿ, ಅಳತೆ ಚಿಕ್ಕದಾದರೂ ಕೆಲಸ ಹೆಚ್ಚು. ರೇಡಿಯೇಟರಿನ ಮುಂದೆ, ಗಾಳಿ ನೇರವಾಗಿ ಬಡಿಯುವಲ್ಲಿ ಇದರ ಜಾಗ. ಪೆಟ್ಟಿಗೆಯ ಜೊತೆ ಬರುವ ಪ್ಲಾಸ್ಟಿಕ್ ಪಟ್ಟಿಗಳನ್ನು ರೇಡಿಯೇಟರಿನ ಜಾಲರಿಯೊಳಗೇ ತೂರಿಸಿ ಕಟ್ಟುವವರಿದ್ದಾರೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ, ಕುಲುಕಾಟಕ್ಕೆ ಉಜ್ಜಿ ಉಜ್ಜಿ ಒಂದು ದಿನ ರೇಡಿಯೇಟರೂ ಮುಗಿಯುತ್ತದೆ. ಕಬ್ಬಿಣದ ಪಟ್ಟಿ ಬಗ್ಗಿಸಿ ಚೌಕಟ್ಟಿಗೆ ಬೋಲ್ಟು ಹಾಕುವುದೇ ಸರಿ.

ನಿಜವಾದ ಕೆಲಸವಿರುವುದು ಕೊಳವೆಗಳಲ್ಲಿ. ಗೇರ್‌ಪೆಟ್ಟಿಗೆಯಿಂದ ರೇಡಿಯೇಟರಿಗೆ ಎರಡು ಕೊಳವೆ ಹೋಗುತ್ತವೆ: ಒಂದರಲ್ಲಿ ಬಿಸಿ ಎಣ್ಣೆ ಬರುತ್ತದೆ, ಇನ್ನೊಂದರಲ್ಲಿ ತಣಿದದ್ದು ಮರಳುತ್ತದೆ. ಹೊಸ ಕೂಲರ್ ಸೇರಬೇಕಾದ್ದು ಮರಳುವ ದಾರಿಗೆ. ಮೊದಲು ರೇಡಿಯೇಟರ್, ಆಮೇಲೆ ಕೂಲರ್, ಅಲ್ಲಿಂದ ಗೇರಿಗೆ. ಯಾವುದು ಯಾವುದೆಂದು ತಿಳಿಯಲು ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿ ಎರಡನ್ನೂ ಮುಟ್ಟಿ ನೋಡಿದರಾಯಿತು; ಮೊದಲು ಬೆಚ್ಚಗಾಗುವುದು ಹೋಗುವ ಕೊಳವೆ. ಫ್ಯಾನಿನಿಂದ ಮಾತ್ರ ಕೈ ದೂರವಿರಲಿ. ಲೋಹದ ಕೊಳವೆಯನ್ನು ಗರಗಸದಿಂದ ಕೊಯ್ದರೆ ಪುಡಿ ಒಳಗೆ ಬಿದ್ದು ಕವಾಟಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕೊಳವೆ ಕತ್ತರಿಸುವ ಉರುಳುಗತ್ತಿಯನ್ನೇ ಬಳಸಿ, ತುದಿಯನ್ನು ತುಸು ಉಬ್ಬಿಸಿದರೆ ಹೋಸು ಕಳಚುವುದಿಲ್ಲ. ಹೋಸಿನಲ್ಲಂತೂ ಜಿಪುಣತನ ಸಲ್ಲದು. ರೇಡಿಯೇಟರ್ ನೀರಿನ ಹೋಸು ಬಿಸಿ ಎಣ್ಣೆಯನ್ನು ತಾಳದೆ ಊದಿಕೊಂಡು ಬಿರಿಯುತ್ತದೆ. ಎಣ್ಣೆ ಸೈಲೆನ್ಸರ್ ಕೊಳವೆಯ ಮೇಲೆ ಸುರಿದರೆ ಬೆಂಕಿ.

ಕೂಲರ್ ತುಂಬಲು ಎಣ್ಣೆಯೂ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಸಮತಟ್ಟಾದ ಕಡೆ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗಲೇ, ಎಣ್ಣೆ ಬೆಚ್ಚಗಾದ ಮೇಲೆ ಮಟ್ಟ ನೋಡುವುದು ಬಹುತೇಕ ಗಾಡಿಗಳಿಗೆ ಹೊಂದುವ ಕ್ರಮ. ಕಂಪನಿಯ ಪುಸ್ತಕ ಬೇರೆ ಹೇಳಿದರೆ ಪುಸ್ತಕದ ಮಾತೇ ಮಾತು.

ಕೊರೆಯುವ ಚಳಿಯ ದೇಶಗಳಲ್ಲಿ ಎಣ್ಣೆ ಅತಿಯಾಗಿ ತಣ್ಣಗಾಗುವ ಭಯವೂ ಇದೆ. ಅದಕ್ಕೆಂದೇ ಕೂಲರನ್ನು ಬಳಸಿ ಸಾಗುವ ಕವಾಟವಿರುತ್ತದೆ. ನೆಲಮಂಗಲದ ಮಾಗಿಯ ಚಳಿಗೆ ಅಷ್ಟೆಲ್ಲ ಬೇಕಿಲ್ಲ.

ಕೂಲರ್ ಮದ್ದಲ್ಲ, ಪಥ್ಯ ಮಾತ್ರ. ಎಣ್ಣೆ ಆಗಲೇ ಕಪ್ಪಾಗಿ ಸೀದ ವಾಸನೆ ಬರುತ್ತಿದ್ದರೆ ಒಳಗಿನ ತಟ್ಟೆಗಳು ಸವೆದಿರುವ ಸಾಧ್ಯತೆಯೇ ಹೆಚ್ಚು. ಎಷ್ಟು ತಣಿಸಿದರೂ ಅವು ಮತ್ತೆ ಚಿಗುರುವುದಿಲ್ಲ. ಒಮ್ಮೆ ಗೇರ್‌ಪೆಟ್ಟಿಗೆ ಕೆಟ್ಟು ರಿಪೇರಿಯಾಗಿದ್ದರೆ ಹಳೆಯ ಕೂಲರನ್ನು ಬಿಸಾಡುವುದೇ ಲೇಸು. ಅದರ ಸಂದುಗಳಲ್ಲಿ ಕೂತ ಲೋಹದ ಚೂರು ಹೊಸ ಪೆಟ್ಟಿಗೆಗೂ ಕುತ್ತು ತರುತ್ತದೆ. ಇನ್ನು ಕೈಗೇರಿನ ಗಾಡಿಗೆ ‘ನಮಗೂ ಒಂದು ಹಾಕಿ’ ಎಂದರೆ ಹಾಕಲು ಎಡೆಯೇ ಇಲ್ಲ. ಎಣ್ಣೆಯನ್ನು ಹೊರಗೆ ತಳ್ಳುವ ಪಂಪೂ ಇಲ್ಲ, ಕೊಳವೆಯೂ ಇಲ್ಲ. ಅಲ್ಲಿ ಮಟ್ಟ ನೋಡಿ, ಹೇಳಿದ ದರ್ಜೆಯ ಎಣ್ಣೆ ಹಾಕಿ, ಏರಿನಲ್ಲಿ ಅರ್ಧ ಕ್ಲಚ್ ತುಳಿದು ನಿಲ್ಲಿಸುವ ಚಟ ಬಿಟ್ಟರೆ ಸಾಕು. ಒಂದೂವರೆ ಟನ್ನಿನ ಗಾಡಿಗೆ ಮೂರು ಟನ್ ಹೇರುವ ಚಟಕ್ಕಂತೂ ಯಾವ ಅಂಗಡಿಯಲ್ಲೂ ಬಿಡಿಭಾಗ ಸಿಗದು.

ಗೇರ್ ಎಣ್ಣೆಯನ್ನು ತಣಿಸುವ ವಿದ್ಯೆ ನಮ್ಮವರಿಗೆ ತೀರಾ ಅಪರಿಚಿತವೂ ಅಲ್ಲ. ಕಲ್ಲುಗಣಿ, ಕ್ರಷರುಗಳಲ್ಲಿ ಮಣ್ಣು ಬಗೆಯುವ ಜೆಸಿಬಿಗಳಲ್ಲಿ ಟಾರ್ಕ್ ಕನ್ವರ್ಟರ್ ಇದೆ, ಅದರ ಎಣ್ಣೆಗೆ ಕೂಲರೂ ಇದೆ. ಜಾಲರಿಗೆ ಕಲ್ಲಿನ ದೂಳು ಮೆತ್ತಿದರೆ ಯಂತ್ರ ಮಧ್ಯಾಹ್ನದೊಳಗೆ ಮಂಕಾಗುತ್ತದೆ ಎಂಬುದನ್ನು ಆಪರೇಟರಿಗೆ ಯಾರೂ ಪಾಠ ಹೇಳಬೇಕಿಲ್ಲ. ಗಾಳಿಯ ಪೈಪು ಹಿಡಿದು ಹಿಂದಿನಿಂದ ಮುಂದಕ್ಕೆ ದೂಳು ಊದಿಸುತ್ತಾನೆ. ಪಿಕಪ್ಪಿನ ಕೂಲರಿಗೂ ಅದೇ ಉಪಚಾರ.

ಕೂಲರ್ ಹಾಕಿಸಿದ ಗಾಡಿ ಮೊದಲ ಬಾರಿ ಭಾರ ಹೊತ್ತು ಬೆಟ್ಟದ ಕಡೆ ಹೋಗಿ ಬಂದ ರಾತ್ರಿ, ಮುಂಭಾಗದ ಕೆಳಗೆ ಒಂದು ರಟ್ಟಿನ ತುಂಡು ಹಾಸಿಡಬೇಕು. ಗೇರ್ ಎಣ್ಣೆಗೆ ಕೆಂಪು ಬಣ್ಣ ಬೆರೆಸಿರುವುದು ಸಾಮಾನ್ಯ. ಬೆಳಗ್ಗೆ ರಟ್ಟಿನ ಮೇಲೆ ಕೆಂಪು ಹನಿ ಕಂಡರೆ, ಬಾಡಿಗೆ ಒಪ್ಪಿಕೊಳ್ಳುವ ಮೊದಲು ಕ್ಲಿಪ್ಪನ್ನು ಇನ್ನರ್ಧ ಸುತ್ತು ಬಿಗಿಮಾಡಿ, ಮಟ್ಟವನ್ನು ಇನ್ನೊಮ್ಮೆ ನೋಡಿಕೊಳ್ಳುವುದು.