ಸ್ಪರ್ಶದ ತೂಬು

ಮನುಷ್ಯನ ಒಂದು ಕೈಯ ಅಂಗೈ ಮತ್ತು ಬೆರಳುಗಳ ಒಳಮೈಯಲ್ಲಿ ಸುಮಾರು 17,000 ಸ್ಪರ್ಶ ನರತಂತುಗಳಿದ್ದು, ಅವುಗಳ ಸಂಕೇತಗಳು ಬೆನ್ನುಹುರಿಯ ಹಿಂಬದಿಯಲ್ಲಿ ಮೇಲೇರಿ, ಮಿದುಳು ಕಾಂಡದ ಬುಡದಲ್ಲಿರುವ ಕ್ಯೂನಿಯೇಟ್ ಎಂಬ ನರಕೋಶಗಳ ಗುಚ್ಛವನ್ನು ಸೇರುತ್ತವೆ. ‘ಬೆಣೆ’ ಎಂಬರ್ಥದ ಲ್ಯಾಟಿನ್ ಪದದಿಂದ ಹೆಸರು ಪಡೆದ ಈ ಗುಚ್ಛವನ್ನು, ಬಂದ ಕಾಗದವನ್ನು ಬಿಚ್ಚದೆ ಮುಂದಿನ ಊರಿಗೆ ಕಳಿಸುವ ಅಂಚೆಮನೆಯೆಂದು ಭಾವಿಸುವ ರೂಢಿಯಿದೆಯಾದರೂ, ಅದರ ವರ್ತನೆ ಕೆರೆಯ ತೂಬಿಗೆ ಹೆಚ್ಚು ಹತ್ತಿರವಾದುದು.

ಮುಂದಿನ ಕೋಶವನ್ನು ಚುರುಕುಗೊಳಿಸುವ ನರಕೋಶಗಳಿಗೆ ಉದ್ದೀಪಕ ಕೋಶಗಳೆಂದೂ, ಗಾಬಾ ಅಥವಾ ಗ್ಲೈಸಿನ್ ಎಂಬ ರಾಸಾಯನಿಕಗಳನ್ನು ಸ್ರವಿಸಿ ಅದನ್ನು ಸುಮ್ಮನಾಗಿಸುವವುಗಳಿಗೆ ಪ್ರತಿಬಂಧಕ ಕೋಶಗಳೆಂದೂ ಹೆಸರು. ಅಮೆರಿಕದ ಸಾಲ್ಕ್ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಲಿಗಳ ಕ್ಯೂನಿಯೇಟ್‌ನಲ್ಲಿ ಸ್ಪರ್ಶವನ್ನು ಸ್ವೀಕರಿಸುವ ತಿರುಳೂ ಅದರ ಸುತ್ತ ಪ್ರತಿಬಂಧಕ ಕೋಶಗಳ ಸಿಪ್ಪೆಯೂ ಇರುವುದನ್ನು ತೋರಿಸಿದರು. ಮಿದುಳಿನ ಮೇಲ್ಪದರದಿಂದ ಇಳಿದುಬರುವ ಹಿಮ್ಮಾಹಿತಿಯೂ ಇದಕ್ಕೆ ತಕ್ಕಂತೆ ಕವಲೊಡೆದಿದ್ದು, ಸ್ಪರ್ಶವನ್ನರಿಯುವ ಪ್ರದೇಶದ ತಂತುಗಳು ತಿರುಳನ್ನು ತಲುಪಿದರೆ, ಅದಕ್ಕಿಂತ ಮುಂದಿನ ಭಾಗದ ತಂತುಗಳು ಸಿಪ್ಪೆಯನ್ನು ತಲುಪುತ್ತವೆ.

ಇಲ್ಲಿಯೇ ಅಡಗಿದೆ ಸೋಜಿಗ. ಮೇಲಿನಿಂದ ಸಿಪ್ಪೆಗೆ ಬರುವ ಆಜ್ಞೆ ತನ್ನಷ್ಟಕ್ಕೆ ಉದ್ದೀಪಕವೇ ಆಗಿದ್ದರೂ, ಅದು ಎಚ್ಚರಿಸುವುದು ಪ್ರತಿಬಂಧಕ ಕೋಶಗಳನ್ನಾದ್ದರಿಂದ, ಕೊನೆಯ ಪರಿಣಾಮ ಸ್ಪರ್ಶ ಸಂಕೇತದ ಇಳಿಕೆಯೇ ಆಗುತ್ತದೆ. ಊರ ಯಜಮಾನ ತಾನೇ ತೂಬು ಮುಚ್ಚಲು ಹೋಗದೆ, ಮಲಗಿದ್ದ ನೀರಗಂಟಿಯನ್ನು ಎಬ್ಬಿಸಿದಂತೆ. ಕೈಯಾಡಿಸುವಾಗ ಚರ್ಮದಿಂದ ನುಗ್ಗುವ ಸಂಕೇತಗಳಿಗೆ ಅಂಕೆಯಿಲ್ಲದಿದ್ದರೆ ಅವು ಚಲನೆಗೇ ಅಡ್ಡಿಯಾಗಬಲ್ಲವಾದ್ದರಿಂದ ಈ ಕಾವಲು ಅಗತ್ಯವಾಗಿದೆ. ಪ್ರತಿಬಂಧಕ ಕೋಶಗಳ ಚಟುವಟಿಕೆಯನ್ನು ಬೇಕೆಂದೇ ಹೆಚ್ಚು ಕಡಿಮೆ ಮಾಡಿದಾಗ ಸ್ಪರ್ಶದ ಹರಿವು ಏರಿಳಿದುದಲ್ಲದೆ, ಇಲಿಗಳ ಮುಂಗಾಲಿನ ಕುಶಲ ಕೆಲಸಗಳೂ ವ್ಯತ್ಯಾಸಗೊಂಡವು.

ಹೀಗೆ ಸುಮ್ಮನಾಗಿಸುವುದೂ ಮಿದುಳಿನ ಕೆಲಸವೇ ಆಗಿದ್ದರೂ, ಮೌನವಾಗಿರುವ ನರಕೋಶವೆಲ್ಲ ನಿದ್ರಿಸುತ್ತಿದೆಯೆಂಬ ಮೂಢನಂಬಿಕೆಯೇ, ಮಕ್ಕಳ ಬುದ್ಧಿ ಹೆಚ್ಚಿಸುವುದಾಗಿ ಹೇಳುವ ‘ಮಿಡ್‌ಬ್ರೇನ್ ಆಕ್ಟಿವೇಷನ್’ ಹೆಸರಿನ ತರಗತಿಗಳ ಬಂಡವಾಳವಾಗಿದ್ದು, ಅಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿದ ಮಕ್ಕಳು ಬೆರಳಿನಿಂದಲೇ ಬಣ್ಣ ಗುರುತಿಸುವರೆಂದು ಹೇಳಿ, ಅವರು ಇಣುಕಿ ನೋಡುವ ಮೂಗಿನ ಪಕ್ಕದ ಸಂದಿಯನ್ನು ಮರೆಮಾಚಲಾಗುತ್ತದೆ. ಈ ತರಗತಿಗಳು ಹೆಸರಿಸುವ ನಡುಮಿದುಳು ಇದೇ ಮಿದುಳು ಕಾಂಡದ ಮೇಲಿನ ಭಾಗವಾಗಿದ್ದು, ಹಣ ಕೊಟ್ಟು ಎಬ್ಬಿಸಬೇಕಾದ ಸ್ಥಿತಿಯಲ್ಲಿ ಅದು ಎಂದೂ ಇರುವುದಿಲ್ಲ. ತಡೆಯುವುದೂ ಈ ಕಾಂಡದ ಮುಖ್ಯ ಕಸುಬಾಗಿರುವಾಗ, ಅದರ ತೂಬುಗಳನ್ನೆಲ್ಲ ಒಮ್ಮೆಗೇ ತೆರೆದರೆ ಮಗುವಿನ ಬುದ್ಧಿ ಹೆಚ್ಚುವ ಬದಲು ಕೈಯ ಹಿಡಿತವೇ ತಪ್ಪೀತು.