‘ಸೇವೆಗೆ ಬಂದೋರನ್ನ ಹೇಗ್ರೀ ಪ್ರಶ್ನಿಸೋದು?’

ಜಾತ್ರೆಯ ಅನ್ನದಾಸೋಹದಲ್ಲಿ ಕೊಪ್ಪರಿಗೆಯ ಪಕ್ಕ ನಿಂತು ಸಾರು ತಿರುವುತ್ತಿರುವ ಸ್ವಯಂಸೇವಕನನ್ನು ನೋಡಿ. ಅವನ ಪಂಚೆಯ ತುದಿ ಒಲೆಯ ಬಾಯಿಗೆ ಗೇಣುದ್ದದಲ್ಲಿ ಆಡುತ್ತಿರುತ್ತದೆ. ಸಂಬಳದ ಅಡುಗೆಯವನಾಗಿದ್ದರೆ ಯಾರಾದರೂ ಗದರುತ್ತಿದ್ದರು. ಇವನಿಗೆ ಹೇಳುವವರಿಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು ಬಂದವನು, ವಯಸ್ಸಿನಲ್ಲಿ ಹಿರಿಯ, ಕೈಯಿಂದ ಖರ್ಚು ಮಾಡಿಕೊಂಡು ದುಡಿಯುವವನು. ಅಂಥವರನ್ನು ಹೇಗೆ ಪ್ರಶ್ನಿಸುವುದು?

ಇದೇ ದಾಕ್ಷಿಣ್ಯ ವಿಮಾನ ಹಾರಿಸುವ ಸ್ವಯಂಸೇವಕರ ನಡುವೆಯೂ ಇದೆ. ಇದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ಸಿವಿಲ್ ಏರ್ ಪೆಟ್ರೋಲ್. ಪರ್ಲ್ ಹಾರ್ಬರ್ ದಾಳಿಗೆ ಆರು ದಿನ ಮುಂಚೆ, 1941ರ ಡಿಸೆಂಬರ್ 1ರಂದು ಹುಟ್ಟಿದ ಸಂಸ್ಥೆ ಅದು. ಯುದ್ಧಕಾಲದಲ್ಲಿ ಇದರ ಸದಸ್ಯರು ತಮ್ಮ ಸ್ವಂತ ಸಣ್ಣ ವಿಮಾನಗಳಲ್ಲಿ ಕರಾವಳಿಯುದ್ದಕ್ಕೂ ಜರ್ಮನ್ ಜಲಾಂತರ್ಗಾಮಿಗಳನ್ನು ಹುಡುಕಿದರು. 1948ರಲ್ಲಿ ಇದು ಅಮೆರಿಕದ ವಾಯುಪಡೆಯ ಅಧಿಕೃತ ಸಹಾಯಕ ಪಡೆಯಾಯಿತು. ಇಂದು ಐನೂರಕ್ಕೂ ಹೆಚ್ಚು ವಿಮಾನಗಳಿವೆ, ಬಹುಪಾಲು ಸೆಸ್ನಾ 172 ಮತ್ತು 182. ಹಾರಿಸುವವರಲ್ಲಿ ವಕೀಲರು, ಮೇಷ್ಟ್ರುಗಳು, ನಿವೃತ್ತ ಏರ್‌ಲೈನ್ ಪೈಲಟ್‌ಗಳು ಎಲ್ಲರೂ ಇದ್ದಾರೆ. ಜೊತೆಗೆ 12 ವರ್ಷದಿಂದಲೇ ಸೇರಬಹುದಾದ ಕೆಡೆಟ್ ಮಕ್ಕಳು. ಕಾಣೆಯಾದ ವಿಮಾನ ಹುಡುಕುವುದು, ಪ್ರವಾಹದ ಫೋಟೊ ತೆಗೆಯುವುದು, ಮಕ್ಕಳಿಗೆ ಮೊದಲ ಹಾರಾಟ ಮಾಡಿಸುವುದು ಇವರ ಕೆಲಸ. ನಮ್ಮಲ್ಲಿ ಎನ್‌ಸಿಸಿ ವಾಯು ವಿಭಾಗದ ಕೆಡೆಟ್‌ಗಳು ಮೈಕ್ರೋಲೈಟ್‌ನಲ್ಲಿ ಹಾರುತ್ತಾರಾದರೂ, ಅಲ್ಲಿ ಹಾರಿಸುವವರು ವಾಯುಪಡೆಯ ಸಂಬಳದ ಅಧಿಕಾರಿಗಳು. ಆ ವ್ಯತ್ಯಾಸವೇ ಇಲ್ಲಿ ಮುಖ್ಯ. ಇಂಥ ಕಡೆ ಸುರಕ್ಷತೆಯ ಬಗ್ಗೆ ಓಡಾಡುವ ನಂಬಿಕೆಗಳಲ್ಲಿ ಹೆಚ್ಚಿನವು ಸದುದ್ದೇಶದಿಂದಲೇ ಹುಟ್ಟಿದವು. ಅದಕ್ಕೇ ಅವನ್ನು ಬಿಡಿಸುವುದು ಕಷ್ಟ.

‘ಅನುಭವಿ ಪೈಲಟ್ ಇದ್ದಾರೆ, ಇನ್ನೇನು ಭಯ?’

2007ರ ನವೆಂಬರ್ 8ರ ರಾತ್ರಿ. ಲಾಸ್ ವೇಗಸ್ ಪಕ್ಕದ ವಿಮಾನ ನಿಲ್ದಾಣದಿಂದ ಸಿವಿಲ್ ಏರ್ ಪೆಟ್ರೋಲ್‌ನ ಒಂದು ಸೆಸ್ನಾ 182 ಮೇಲೆದ್ದಿತು. ಒಳಗಿದ್ದವರು ಇಬ್ಬರು, ಇಬ್ಬರೂ ಪೈಲಟ್‌ಗಳೇ. ಇಬ್ಬರ ಹಾರಾಟ ಸೇರಿಸಿದರೆ ಹತ್ತಾರು ಸಾವಿರ ಗಂಟೆ. ಆಕಾಶ ಶುಭ್ರವಾಗಿತ್ತು. ವಿಮಾನದಲ್ಲಿ ಗಾಜಿನ ಪರದೆಯ ಹೊಸ ಉಪಕರಣ ಫಲಕವಿತ್ತು. ಹಾರಿದ ಸ್ವಲ್ಪ ಹೊತ್ತಿಗೇ ಅದು ಮೇಲಕ್ಕೇರುತ್ತಲೇ ಹೋಗಿ, ಸುಮಾರು 8,500 ಅಡಿ ಎತ್ತರದ ಪೊಟೋಸಿ ಬೆಟ್ಟಕ್ಕೆ ಬಡಿಯಿತು. ಯಂತ್ರ ಕೈಕೊಟ್ಟಿರಲಿಲ್ಲ. ಚಂದ್ರನಿಲ್ಲದ ಕತ್ತಲಲ್ಲಿ ಬೆಟ್ಟ ಕಾಣಲಿಲ್ಲ, ಅಷ್ಟೆ.

ಈ ಘಟನೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಆ ಬೆಟ್ಟವೇ. 1942ರ ಜನವರಿ 16ರ ಕತ್ತಲ ರಾತ್ರಿ ಟಿಡಬ್ಲ್ಯುಎ ಕಂಪನಿಯ ವಿಮಾನವೊಂದು ಲಾಸ್ ವೇಗಸ್‌ನಿಂದ ಹೊರಟು ಇದೇ ಪೊಟೋಸಿಗೆ ಬಡಿದಿತ್ತು. ಹಾಲಿವುಡ್ ನಟಿ ಕ್ಯಾರೊಲ್ ಲೊಂಬಾರ್ಡ್ ಸೇರಿ 22 ಜನ ಸತ್ತರು. ಆ ಸೀಮೆಯ ಪೈಲಟ್‌ಗಳಿಗೆ ಗೊತ್ತಿರುವ ಕಥೆ ಅದು. ಅರವತ್ತೈದು ವರ್ಷದ ಬಳಿಕವೂ ಬೆಟ್ಟ ಅಲ್ಲೇ ಇತ್ತು, ಕತ್ತಲೂ ಅಷ್ಟೇ ಇತ್ತು.

ಈಜು ಬಲ್ಲವನೇ ಮಡುವಿಗಿಳಿಯುವುದು ಎಂದು ನಮ್ಮ ಹಳ್ಳಿಗಳಲ್ಲಿ ಹೇಳುತ್ತಾರೆ. ಅನುಭವ ಕೈಯನ್ನು ಪಳಗಿಸುತ್ತದೆ. ಆದರೆ ಎತ್ತರ ಎಷ್ಟಿರಬೇಕು, ಯಾವ ದಾರಿಯಲ್ಲಿ ಏರಬೇಕು ಎಂದು ನೆಲದ ಮೇಲೆ ಕುಳಿತು ನಕ್ಷೆ ನೋಡುವ ಕೆಲಸವನ್ನು ಅದು ಮಾಡಿಕೊಡುವುದಿಲ್ಲ. ಎಷ್ಟೋ ಸಲ ಆ ಕೆಲಸ ಬೇಕಿಲ್ಲ ಅನ್ನಿಸುವಂತೆ ಮಾಡುವುದೇ ಅನುಭವ. ಇಬ್ಬರು ನುರಿತವರು ಜೊತೆಗಿದ್ದರೆ ಇನ್ನೊಂದು ತೊಡಕು: ಇವರು ನೋಡಿರುತ್ತಾರೆ ಎಂದು ಅವರು, ಅವರು ನೋಡಿರುತ್ತಾರೆ ಎಂದು ಇವರು. ಪೊಟೋಸಿಯಲ್ಲಿ ಹೀಗೇ ಆಯಿತೆಂದು ನಾನು ಹೇಳುತ್ತಿಲ್ಲ. ಎರಡು ಸ್ಟಿಯರಿಂಗ್ ಇರುವ ಯಾವ ಕಾಕ್‌ಪಿಟ್‌ನಲ್ಲೂ ಹೀಗಾಗಬಹುದು.

‘ಚೆಕ್‌ಲಿಸ್ಟ್ ಹೊಸಬರಿಗೆ’ ಎಂಬ ಮಾತೂ ಇದರ ತಮ್ಮನೇ. ಚೆಕ್‌ಲಿಸ್ಟ್ ಹುಟ್ಟಿದ್ದು ಹೊಸಬನೊಬ್ಬನ ತಪ್ಪಿನಿಂದಲ್ಲ. 1935ರ ಅಕ್ಟೋಬರ್ 30ರಂದು ಓಹಾಯೋದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್‌ನ ಹೊಸ ಬಾಂಬರ್ ಮೇಲೆದ್ದ ಕೂಡಲೇ ನೆಲಕ್ಕೆ ಬಿತ್ತು. ಗಾಳಿಗೆ ರೆಕ್ಕೆಬಾಲಗಳು ಅಲುಗಾಡದಂತೆ ಹಾಕುವ ಬೀಗವನ್ನು ತೆಗೆಯಲು ಮರೆತಿದ್ದರು. ಹಾರಿಸುತ್ತಿದ್ದವರು ಅಮೆರಿಕದ ಸೇನೆಯ ಅತ್ಯುತ್ತಮ ಪರೀಕ್ಷಾ ಪೈಲಟ್‌ಗಳಲ್ಲೊಬ್ಬರಾದ ಮೇಜರ್ ಪ್ಲಾಯರ್ ಹಿಲ್. ಅವರು ಬದುಕಲಿಲ್ಲ. ವಿಮಾನ ಒಬ್ಬನ ನೆನಪಿಗೆ ಹಿಡಿಯುವಷ್ಟು ಸರಳವಾಗಿ ಉಳಿದಿಲ್ಲ ಎಂಬುದು ಆಗ ಅರ್ಥವಾಯಿತು.

‘ಅಪಾಯ ಇರೋದು ಮೇಲೆ, ನೆಲಕ್ಕೆ ಬಂದ್ಮೇಲೆ ಕ್ಷೇಮ’

ಈ ನಂಬಿಕೆಗೆ ಮಕ್ಕಳು ಬೇಗ ಬಲಿಯಾಗಬಹುದು. ಸೆಸ್ನಾದ ಮುಂದೆ ನಿಂತು ಪ್ರೊಪೆಲ್ಲರ್ ಹಿಡಿದು ಫೋಟೊ ತೆಗೆಸಿಕೊಳ್ಳದ ಕೆಡೆಟ್ ಸಿಗುವುದು ಅಪರೂಪ. ಕೀ ತೆಗೆದಿದ್ದಾರೆ, ಎಂಜಿನ್ ಆರಿದೆ, ಏನಾಗುತ್ತದೆ ಎಂಬ ಧೈರ್ಯ.

ಕಾರಿನ ಬುದ್ಧಿ ಇಲ್ಲಿ ಮೋಸ ಮಾಡುತ್ತದೆ. ಈ ಎಂಜಿನ್‌ಗಳ ಕಿಡಿ ಬ್ಯಾಟರಿಯಿಂದ ಬರುವುದಿಲ್ಲ, ಮ್ಯಾಗ್ನೆಟೊಗಳಿಂದ ಬರುತ್ತದೆ. ಹಳೆಯ ಸೈಕಲ್ ಡೈನಮೊದಂತೆ ತಿರುಗಿದರೆ ಸಾಕು, ತಾನೇ ವಿದ್ಯುತ್ ಹುಟ್ಟಿಸುವ ಸಾಧನ ಅದು. ಕೀಯನ್ನು ‘ಆಫ್’ಗೆ ತಿರುಗಿಸಿದಾಗ ಆಗುವುದಿಷ್ಟೆ: ಒಂದು ಸಣ್ಣ ತಂತಿಯ ಮೂಲಕ ಆ ವಿದ್ಯುತ್ತು ಎಂಜಿನ್ನಿನ ಮೈಗೆ ಹರಿದುಹೋಗಿ ಕಿಡಿ ಹಾರುವುದಿಲ್ಲ. ಆ ತಂತಿ ಕಡಿದಿದ್ದರೆ ಕೀ ಎಲ್ಲೇ ಇರಲಿ, ಮ್ಯಾಗ್ನೆಟೊ ಜೀವಂತ. ಸಿಲಿಂಡರಿನಲ್ಲಿ ಚೂರು ಪೆಟ್ರೋಲಿನ ಆವಿ ಉಳಿದಿದ್ದು, ಯಾರೋ ಪ್ರೊಪೆಲ್ಲರನ್ನು ಕೈಯಲ್ಲಿ ಅರ್ಧ ಸುತ್ತು ತಳ್ಳಿದರೆ ಎಂಜಿನ್ ಒಂದು ಹೊಡೆತ ಹೊಡೆಯಬಹುದು. ತೋಳು ಮುರಿಯಲು, ತಲೆ ಒಡೆಯಲು ಅಷ್ಟು ಸಾಕು. ಹಾಗಾಗಿ ತಿಳಿದವರು ಪ್ರೊಪೆಲ್ಲರನ್ನು ಯಾವಾಗಲೂ ತಿರುಗುತ್ತಿದೆ ಎಂದೇ ಭಾವಿಸಿ ಸುತ್ತಿಕೊಂಡು ಹೋಗುತ್ತಾರೆ. ಮಕ್ಕಳಿಗೆ ‘ಮುಟ್ಟಬೇಡ’ ಎಂದಷ್ಟೇ ಹೇಳುವುದಕ್ಕಿಂತ ಈ ತಂತಿಯ ಕಥೆ ಹೇಳಿದರೆ ಹೆಚ್ಚು ನಾಟುತ್ತದೆ.

ಹ್ಯಾಂಗರಿನೊಳಗೆ ತಳ್ಳುವಾಗ ರೆಕ್ಕೆಯ ತುದಿ ಗೋಡೆಗೆ ತಾಗುವುದು, ಮೂಗಿನ ಚಕ್ರಕ್ಕೆ ಸಿಕ್ಕಿಸಿದ ಟೋ ಬಾರ್ ತೆಗೆಯದೆಯೇ ಎಂಜಿನ್ ಶುರು ಮಾಡುವುದು, ಇವೆಲ್ಲ ಜನ ನಕ್ಕು ಬಿಡುವ ತಪ್ಪುಗಳು. ತಾಗಿದ ತಗಡು ಒಳಗೆ ಎಲ್ಲಿ ಬಾಗಿದೆಯೋ ಹೊರಗಿನಿಂದ ಕಾಣುವುದಿಲ್ಲ.

ಆದರೆ ನೆಲದ ಅಪಾಯಗಳಲ್ಲಿ ಯಾರ ಗಮನಕ್ಕೂ ಬಾರದ್ದು ವ್ಯಾನ್. ಶಿಬಿರಕ್ಕೆ ಮಕ್ಕಳನ್ನು ಕರೆದೊಯ್ಯುವುದು ನಮ್ಮ ಟಿಟಿಯಂಥ ದೊಡ್ಡ ವ್ಯಾನುಗಳಲ್ಲಿ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2001ರಲ್ಲೇ ಎಚ್ಚರಿಸಿತ್ತು: 15 ಸೀಟಿನ ವ್ಯಾನಿನಲ್ಲಿ ಹತ್ತು ಅಥವಾ ಹೆಚ್ಚು ಜನ ಕುಳಿತರೆ, ಕಡಿಮೆ ಜನರಿರುವಾಗಿನದಕ್ಕಿಂತ ಅದು ಅಪಘಾತದಲ್ಲಿ ಪಲ್ಟಿಯಾಗುವ ಸಾಧ್ಯತೆ ಸುಮಾರು ಮೂರು ಪಟ್ಟು. ಕಾರಣ ಸರಳ. ಜನ ತುಂಬಿದಷ್ಟೂ ಭಾರದ ಕೇಂದ್ರ ಮೇಲಕ್ಕೂ ಹಿಂದಕ್ಕೂ ಸರಿಯುತ್ತದೆ. ಜನ ಕಡಿಮೆಯಿದ್ದರೆ ಎಲ್ಲರನ್ನೂ ಹಿಂದಿನ ಚಕ್ರಗಳಿಗಿಂತ ಮುಂದೆ ಕೂರಿಸಿ, ಕೊನೆಯ ಸಾಲು ಖಾಲಿ ಬಿಡಬೇಕು. ಪೈಲಟ್ ಆದವನಿಗೆ ಇದು ಹೊಸದಲ್ಲ. ಭಾರ ಎಲ್ಲಿ ಕೂತಿದೆ ಎಂಬ ಲೆಕ್ಕ ಹಾಕದೆ ಅವನು ವಿಮಾನ ಎತ್ತುವುದಿಲ್ಲ. ಅದೇ ಮನುಷ್ಯ ಸಂಜೆ ವ್ಯಾನ್ ಹತ್ತಿದ ಮೇಲೆ ಲೆಕ್ಕ ಮರೆಯುತ್ತಾನೆ.

‘ಮೋಡಕ್ಕೆ ಹೊಕ್ಕರೆ ಮೂರು ನಿಮಿಷದಲ್ಲಿ ಸಾವು’

ಇದು ಅರ್ಧ ಸತ್ಯ. ಉಪಕರಣ ನೋಡಿ ಹಾರಿಸುವ ತರಬೇತಿಯಿಲ್ಲದ ಪೈಲಟ್ ಮೋಡಕ್ಕೆ ಸಿಕ್ಕರೆ ಸರಾಸರಿ 178 ಸೆಕೆಂಡಿನಲ್ಲಿ ಹಿಡಿತ ತಪ್ಪುತ್ತಾನೆ ಎಂಬ ಮಾತು ಹಾರಾಟದ ಕ್ಲಬ್ಬುಗಳಲ್ಲಿ ದೆವ್ವದ ಕಥೆಯಂತೆ ಹರಡಿದೆ. ಸಂಖ್ಯೆ ನಿಜವೇ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಇಪ್ಪತ್ತು ಜನರ ಮೇಲೆ ನಡೆಸಿದ ಪ್ರಯೋಗದ್ದು. ಕಿವಿಯೊಳಗಿನ ಸಮತೋಲದ ಅಂಗ ನಿಧಾನವಾದ ತಿರುವನ್ನು ಗುರುತಿಸುವುದಿಲ್ಲ. ನೇರ ಹೋಗುತ್ತಿದ್ದೇನೆ ಅಂದುಕೊಂಡೇ ಮನುಷ್ಯ ಸುತ್ತುತ್ತ ಕೆಳಗಿಳಿಯುತ್ತಾನೆ.

ಕಥೆ ಹೇಳುವವರು ಪ್ರಯೋಗದ ಎರಡನೇ ಭಾಗ ಬಿಡುತ್ತಾರೆ. ಅದೇ ಜನರಿಗೆ ಮೋಡದಿಂದ ಹಿಂತಿರುಗಿ ಬರುವ ಒಂದು ಸರಳ ವಿಧಾನ ಕಲಿಸಿದರು. ಸ್ಟಿಯರಿಂಗ್‌ನಿಂದ ಕೈ ತೆಗೆದು, ಕಾಲಿನ ರಡರ್‌ನಿಂದ ಮೆಲ್ಲಗೆ ಅರ್ಧ ಸುತ್ತು ತಿರುಗುವುದು. ಕಲಿತ ಮೇಲೆ ಬಹುತೇಕ ಎಲ್ಲ ಪ್ರಯತ್ನಗಳಲ್ಲೂ ಅವರು ಕ್ಷೇಮವಾಗಿ ಹೊರಬಂದರು. ಹೆದರಿಸಲು ಮಾಡಿದ ಪ್ರಯೋಗವಲ್ಲ ಅದು, ಕಲಿಸಲು ಮಾಡಿದ್ದು. ಸುರಕ್ಷತೆಯ ಭಾಷಣ ಮಾಡುವವರಿಗೆ ಭಯದ ಅರ್ಧವೇ ಯಾಕೆ ಇಷ್ಟವೋ!

‘ಮನಸ್ಸಿದ್ದರೆ ದಣಿವು ಗೊತ್ತಾಗಲ್ಲ’

ಗೊತ್ತಾಗುವುದಿಲ್ಲ, ಸಮಸ್ಯೆಯೇ ಅದು. ಶುಕ್ರವಾರ ಬೆಳಿಗ್ಗೆ ಐದಕ್ಕೆ ಎದ್ದು, ಕಚೇರಿ ಮುಗಿಸಿ, ಊಟ ಮಾಡುವಾಗ ‘ವಿಮಾನ ಕಾಣೆಯಾಗಿದೆ’ ಎಂದು ಫೋನ್ ಬಂದರೆ, ಸ್ವಯಂಸೇವಕ ರಾತ್ರಿ ಹತ್ತಕ್ಕೆ ಗಾಳಿಯಲ್ಲಿರುತ್ತಾನೆ. ಎದ್ದು ಹದಿನೇಳು ಗಂಟೆ. ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ತೋರಿಸಿದಂತೆ, ಹದಿನೇಳು ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ 0.05 ಮದ್ಯ ಇರುವವರಷ್ಟೇ ಕೆಡುತ್ತದೆ. ಅಮೆರಿಕದ ಕಾನೂನು ಪೈಲಟ್‌ಗೆ ಶೇ 0.04 ತಲುಪಿದರೇ ಹಾರಾಟ ನಿಷೇಧಿಸುತ್ತದೆ. ಕುಡಿದು ಬಂದವನನ್ನು ಎಲ್ಲರೂ ತಡೆಯುತ್ತಾರೆ. ನಿದ್ದೆಗೆಟ್ಟು ಬಂದವನ ಬೆನ್ನು ತಟ್ಟುತ್ತಾರೆ. ಏರ್‌ಲೈನ್ ಪೈಲಟ್‌ಗಳ ದುಡಿಮೆಗೆ ಕಾನೂನಿನ ಮಿತಿಗಳಿವೆ. ಸಂಬಳವಿಲ್ಲದೆ ಹಾರುವವನ ಹಗಲಿನ ಕಚೇರಿಯ ಗಂಟೆಗಳನ್ನು ಅವನ ಸಂಸ್ಥೆಯೇ ಕೇಳಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

‘ದೂರು ಬಂದಿಲ್ಲ ಅಂದ್ರೆ ಎಲ್ಲ ಚೆನ್ನಾಗಿದೆ’

1974ರ ಡಿಸೆಂಬರ್ 1ರಂದು ವಾಷಿಂಗ್ಟನ್‌ನ ಡಲ್ಲಸ್ ನಿಲ್ದಾಣಕ್ಕೆ ಇಳಿಯುತ್ತಿದ್ದ ಬೋಯಿಂಗ್ 727 ವಿಮಾನ ವರ್ಜೀನಿಯಾದ ಬೆಟ್ಟಕ್ಕೆ ಬಡಿದು 92 ಜನ ಸತ್ತರು. ‘ಇಳಿಯುವ ದಾರಿ ಹಿಡಿಯಲು (ಅಪ್ರೋಚ್) ಅನುಮತಿ ಇದೆ’ ಎಂಬ ಮಾತಿಗೆ ನಿಯಂತ್ರಕರ ಅರ್ಥ ಒಂದಿತ್ತು, ಪೈಲಟ್‌ಗಳ ಅರ್ಥ ಇನ್ನೊಂದಿತ್ತು. ತನಿಖೆಯಲ್ಲಿ ಹೊರಬಿದ್ದದ್ದು ಇದು: ಆರು ವಾರ ಮುಂಚೆ ಬೇರೆ ಕಂಪನಿಯ ಪೈಲಟ್‌ಗಳು ಅದೇ ಗೊಂದಲದಲ್ಲಿ ಅದೇ ಬೆಟ್ಟದಿಂದ ಕೂದಲೆಳೆಯಲ್ಲಿ ಪಾರಾಗಿದ್ದರು. ಆ ಕಂಪನಿ ತನ್ನವರಿಗೆ ಎಚ್ಚರಿಕೆ ಕೊಟ್ಟಿತ್ತು. ಉಳಿದವರಿಗೆ ಸುದ್ದಿ ಮುಟ್ಟುವ ದಾರಿಯೇ ಇರಲಿಲ್ಲ.

ಸರ್ಕಾರಿ ವಿಮಾನಯಾನ ಇಲಾಖೆ ತಾನೇ ವರದಿ ಸ್ವೀಕರಿಸುತ್ತೇನೆ ಎಂದಿತು. ಪೈಲಟ್‌ಗಳಿಗೆ ನಂಬಿಕೆ ಹುಟ್ಟಲಿಲ್ಲ. ದಂಡ ಹಾಕುವವನ ಮುಂದೆಯೇ ತಪ್ಪೊಪ್ಪುವವರು ಯಾರು? 1976ರಲ್ಲಿ ಆ ಕೆಲಸ ನಾಸಾಕ್ಕೆ ಹೋಯಿತು. ನಾಸಾ ಯಾರಿಗೂ ದಂಡ ಹಾಕುವುದಿಲ್ಲ, ವರದಿಯಿಂದ ಹೆಸರನ್ನು ಅಳಿಸಿಬಿಡುತ್ತದೆ. ಆಮೇಲೆ ವರದಿಗಳು ಹರಿದುಬಂದವು, ಇಂದಿಗೂ ಬರುತ್ತಿವೆ.

ಸ್ವಯಂಸೇವಾ ಸಂಸ್ಥೆಯಲ್ಲಿ ಈ ಮೌನ ಇನ್ನೂ ದಟ್ಟ. ವರದಿ ಬರೆದರೆ ಇಪ್ಪತ್ತು ವರ್ಷದ ಗೆಳೆಯನ ಮೇಲೆ ಬರೆದಂತೆ. ಭಾನುವಾರ ಮತ್ತೆ ಅದೇ ಮೇಜಿನಲ್ಲಿ ಅವನ ಜೊತೆ ಕಾಫಿ ಕುಡಿಯಬೇಕು. ಹೀಗಾಗಿ ಒಂದು ಘಟಕದಿಂದ ವರ್ಷವಿಡೀ ವರದಿ ಬರಲಿಲ್ಲ ಅಂದರೆ ಬಹುಮಾನ ಕೊಡುವ ಮೊದಲು ಅನುಮಾನಪಡಬೇಕು. ಸುರಕ್ಷತಾ ಸಪ್ತಾಹಗಳಲ್ಲಿ ತೋರಿಸುವ 1-29-300ರ ತ್ರಿಕೋನವೂ, ಅಂದರೆ ಒಂದು ದೊಡ್ಡ ಅವಘಡಕ್ಕೆ ಇಂತಿಷ್ಟು ಸಣ್ಣವು ಎಂಬ ಲೆಕ್ಕವೂ, ಇಲ್ಲಿ ದಾರಿ ತಪ್ಪಿಸುತ್ತದೆ. 1931ರಲ್ಲಿ ಅದನ್ನು ಮುಂದಿಟ್ಟ ಹೈನ್ರಿಚ್ ವಿಮಾ ಕಂಪನಿಯೊಂದರಲ್ಲಿದ್ದವರು. ಆ ಲೆಕ್ಕದ ಹಿಂದಿನ ಮೂಲ ಕಡತಗಳನ್ನು ಬೇರೆಯವರು ಪರಿಶೀಲಿಸಲಾಗಲಿಲ್ಲ. ಆದರೂ ಸಣ್ಣವುಗಳ ಸಂಖ್ಯೆ ಇಳಿಸಿದರೆ ದೊಡ್ಡದು ತಾನೇ ಇಳಿಯುತ್ತದೆ ಎಂದು ನಂಬಿ, ಕೆಲವರು ಘಟನೆ ಇಳಿಸುವ ಬದಲು ಬರೆಯುವುದನ್ನು ಇಳಿಸುತ್ತಾರೆ.

‘ಸಂಬಳ ಕೊಡದವರಿಗೆ ನಿಯಮ ಹೇರೋಕಾಗಲ್ಲ’

ಸಿವಿಲ್ ಏರ್ ಪೆಟ್ರೋಲ್‌ನ ಪುಸ್ತಕ ನೋಡಿದರೆ ಉಲ್ಟಾ. ದೇಶದ ಕಾನೂನಿಗಿಂತ ಇವರ ನಿಯಮ ಬಿಗಿ. ಕಣ್ಣಿಗೆ ಕಾಣುವ ಹವೆಯಲ್ಲಿ ಹಗಲು ಹಾರುವವನಿಗೆ ಕಾನೂನು ಅರ್ಧ ಗಂಟೆಯ ಹೆಚ್ಚುವರಿ ಇಂಧನ ಕೇಳುತ್ತದೆ. ಇವರು ಇಳಿಯುವಾಗ ಒಂದು ಗಂಟೆಯದ್ದು ಉಳಿದಿರಬೇಕು ಅನ್ನುತ್ತಾರೆ. ಇನ್ನೊಂದು ನಿಯಮ ಅದಕ್ಕಿಂತ ಜಾಣತನದ್ದು. ಪೈಲಟ್ ತನ್ನ ಹಾರಾಟಕ್ಕೆ ತಾನೇ ಅನುಮತಿ ಕೊಟ್ಟುಕೊಳ್ಳುವಂತಿಲ್ಲ. ಕಾಕ್‌ಪಿಟ್‌ನಲ್ಲಿ ಇರದ ಇನ್ನೊಬ್ಬ ಸದಸ್ಯ, ಎಷ್ಟೋ ಸಲ ಊರಾಚೆಯ ಮನೆಯಲ್ಲಿ ಕುಳಿತವನು, ಫೋನಿನಲ್ಲಿ ಮಾತಾಡಿ ಬಿಡುಗಡೆ ಕೊಡಬೇಕು. ಅವನೂ ಸ್ವಯಂಸೇವಕನೇ.

ಕಾಗದದಲ್ಲಿ ಇದು ಪೈಲಟ್ ಮೇಲಿನ ಕಡಿವಾಣದಂತೆ ಕಾಣುತ್ತದೆ. ನನಗೆ ಕಾಣುವುದು ಬೇರೆ. ರನ್‌ವೇ ಪಕ್ಕದಲ್ಲಿ ಯೂನಿಫಾರಂ ತೊಟ್ಟ ಮೂವರು ಮಕ್ಕಳು ಮೊದಲ ಹಾರಾಟಕ್ಕೆ ಕಾಯುತ್ತಿದ್ದಾರೆ, ಅಪ್ಪ ಅಮ್ಮ ಕ್ಯಾಮೆರಾ ಹಿಡಿದು ನಿಂತಿದ್ದಾರೆ, ಪಶ್ಚಿಮದಲ್ಲಿ ಮೋಡ ಕಟ್ಟುತ್ತಿದೆ. ಅವರ ಮುಖ ನೋಡಿಕೊಂಡು ‘ಆಗಲ್ಲ’ ಅನ್ನುವುದು ಒಳ್ಳೆಯ ಮನಸ್ಸಿನವನಿಗೆ ಸುಲಭವಲ್ಲ. ಹಾರಾಟ ಬೇಡವೆನ್ನುವ ಹಕ್ಕು ಅವನಿಗೆ ಮೊದಲಿನಿಂದಲೂ ಇದೆ, ಬಳಸಲು ಬಾಯಿ ಬರುವುದಿಲ್ಲ, ಅಷ್ಟೆ. ಅತ್ತ ಫೋನಿನಲ್ಲಿರುವವನಿಗೆ ಆ ಮಕ್ಕಳ ಮುಖ ಕಾಣುವುದಿಲ್ಲ. ಗಾಳಿ ಎಷ್ಟಿದೆ, ನಿನ್ನೆ ಎಷ್ಟು ಹೊತ್ತು ಮಲಗಿದ್ದಿರಿ, ತೂಕದ ಲೆಕ್ಕ ಹಾಕಿದ್ರಾ ಎಂದು ಅವನು ಒಂದೊಂದಾಗಿ ಕೇಳುತ್ತಾನೆ. ಮೂರನೇ ಪ್ರಶ್ನೆಯ ಹೊತ್ತಿಗೆ ಈ ಕಡೆಯವನು ಮೋಡದತ್ತ ಇನ್ನೊಮ್ಮೆ ನೋಡಿ, ಮಕ್ಕಳಿಗೆ ಕೇಳುವಂತೆ ಜೋರಾಗಿಯೇ ಹೇಳುತ್ತಾನೆ: “ಅವರು ಬೇಡ ಅಂತಿದ್ದಾರಪ್ಪ, ಮುಂದಿನ ಶನಿವಾರ ಬನ್ನಿ.”