ಬಿದಿರ ಊರಿನ ಬಾಣ

ಬಿದಿರನ್ನು ಅಡ್ಡಕ್ಕೆ ಕೊಯ್ದರು. ಒಳಗೆ ಟೊಳ್ಳೇ ಇರಲಿಲ್ಲ!

ಬೀದರದ ಹಳೆಯ ಊರಿನ ಗಲ್ಲಿಯಲ್ಲಿ, ಬುಟ್ಟಿ ಮೊರಗಳ ರಾಶಿಯ ನಡುವೆ ಕುಂತಿದ್ದ ಮುದುಕರ ಕೈಯಿಂದ ಆ ತುಂಡನ್ನು ಇಸಿದುಕೊಂಡು ಮತ್ತೆ ಮತ್ತೆ ನೋಡಿದೆ. ಬಿದಿರು ಅಂದಮೇಲೆ ಒಳಗೆ ಗಾಳಿ ಇರಲೇಬೇಕಲ್ಲ? ಕೊಳಲಾಗುವುದು ಹೇಗೆ ಮತ್ತೆ? ಇದರಲ್ಲಿ ಸೂಜಿ ತೂರುವಷ್ಟೂ ಜಾಗವಿಲ್ಲ. ಸಿಪ್ಪೆಯಿಂದ ನಡುವಿನವರೆಗೆ ನಾರು, ನಾರು, ಬರೀ ನಾರು.

"ಮುತ್ಯಾ, ಇದೆಂಥ ಬಿದಿರು?" ಅಂದೆ.

"ಗಂಡು ಬಿದರ ಅದ ತಮ್ಮಾ. ಇದು ನೀರು ಕುಡದು ಬೆಳದಿದ್ದಲ್ಲ, ಬಿಸಲು ಕುಡದು ಬೆಳದದ್ದು."

ನಾನು ಅಲ್ಲಿಗೆ ಹೋದದ್ದು ಒಂದು ಮುರಿದ ಬಾಣ ಹಿಡಿದುಕೊಂಡು. ಭಾಲ್ಕಿಯಲ್ಲಿರುವ ಅಕ್ಕನ ಮಗನಿಗೆ ಬಿಲ್ಲುವಿದ್ಯೆಯ ಹುಚ್ಚು. ನಾವು ಚಿಕ್ಕವರಿದ್ದಾಗ ತೊಗರಿ ಕಟ್ಟಿಗೆಯ ಬಾಣ ಬಿಟ್ಟು ತೃಪ್ತರಾಗುತ್ತಿದ್ದೆವು. ಅವನಿಗೆ ಹಳೆಯ ಕಾಲದ ಹಾಗೆ ಮರದ್ದೇ ಬೇಕು, ಆದರೆ ನಿಜವಾದ ಗುರಿ ಮುಟ್ಟಬೇಕು. ಬಡಿಗೇರರ ಹತ್ತಿರ ಗುಂಡಗೆ ಕೀಸಿಸಿದ ಸಾಗುವಾನಿಯ ಕಡ್ಡಿಗೆ ಗರಿ ಅಂಟಿಸಿದ್ದ. ಮೂರನೆಯ ಸಲಕ್ಕೇ ಅದು ಹೆದೆಯ ಮೇಲೆಯೇ ಲಟಕ್ಕನೆ ಮುರಿಯಿತು. "ಮಾಮಾ, ಇಷ್ಟು ಗಟ್ಟಿ ಮರ ಹ್ಯಾಂಗ ಮುರೀತು?" ಎಂದು ಕೇಳಿದ. ಮುರಿದ ಜಾಗ ನೋಡಿದರೆ ನೆಟ್ಟಗಿಲ್ಲ, ಕಲಮಿನ ಮೊನೆಯ ಹಾಗೆ ಓರೆ. ಆ ಓರೆಯಲ್ಲೇ ಉತ್ತರ ಅಡಗಿತ್ತು, ಆದರೆ ಅದನ್ನು ಓದಲು ನನಗೆ ಬರುತ್ತಿರಲಿಲ್ಲ.

ಮುತ್ಯಾ ಓದಿದರು. ಬಾಣದ ತುಂಡನ್ನು ಬೆಳಕಿಗೆ ಹಿಡಿದು, "ಗರಗಸದಾಗ ಕೊಯ್ದಾರ. ನಾರು ಅರ್ಧ ದಾರಿಗೇ ಹೊರಗ ಹೋಗ್ಯದ ನೋಡು" ಅಂದರು. ಉಗುರಿನಿಂದ ಗೆರೆಯ ಗುಂಟ ಎಳೆದು ತೋರಿಸಿದರು. ಮರದ ನಾರುಗೆರೆ ಕಡ್ಡಿಯ ಉದ್ದಕ್ಕೂ ಓಡುವ ಬದಲು ನಡುವೆಯೇ ಪಕ್ಕಕ್ಕೆ ಇಳಿದುಹೋಗಿತ್ತು. ಗರಗಸಕ್ಕೆ ನಾರಿನ ಗೊಡವೆಯಿಲ್ಲ, ಅದು ತಾನು ಹೊರಟ ದಿಕ್ಕಿಗೆ ಹೋಗುತ್ತದೆ. ಸೀಳುವ ಕತ್ತಿ ಹಾಗಲ್ಲ, ನಾರು ಹೋದ ಕಡೆಗೆ ತಾನೂ ಹೋಗುತ್ತದೆ. ಬಾಣದ ಕೋಲಿಗೆ ಸಾಗುವಾನಿಯೋ ಬೀಟೆಯೋ ಅನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು: ತುದಿಯಿಂದ ತುದಿಗೆ ನಾರು ಮುಟ್ಟಿದೆಯೇ? ಮುಟ್ಟಿದ್ದರೆ ಹಗುರ ಮರವೂ ಬಾಳುತ್ತದೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿ ಸಿಕ್ಕ ಸಾವಿರಾರು ಯುದ್ಧಬಾಣಗಳಲ್ಲಿ ಹೆಚ್ಚಿನವು ಪಾಪ್ಲರ್ ಎಂಬ ಮೆದು ಮರದವು!

ಈಗ ಬಿದಿರಿನ ಬೆರಗಿಗೆ ಬನ್ನಿ. ಮುತ್ಯಾ ಗಂಡು ಬಿದಿರು ಎಂದದ್ದನ್ನು ಸಸ್ಯಶಾಸ್ತ್ರದವರು ಡೆಂಡ್ರೊಕಲಾಮಸ್ ಸ್ಟ್ರಿಕ್ಟಸ್ ಅನ್ನುತ್ತಾರೆ. ಪೊಲೀಸರ ಲಾಠಿಯೂ ಇದರದ್ದೇ. ಇದೇ ಜಾತಿ ತೇವದ ನೆಲದಲ್ಲಿ ಬೆಳೆದರೆ ಒಳಗೆ ಪೊಳ್ಳು. ಒಣ ನೆಲದಲ್ಲಿ, ಬಡ ಮಣ್ಣಿನಲ್ಲಿ, ಬಿಸಿಲಲ್ಲಿ ಬೆಳೆದರೆ ತುಂಬಿಕೊಂಡು ಗಟ್ಟಿಯಾಗುತ್ತದೆ! ನಮ್ಮ ಕಡೆಯ ಬಿಸಿಲನ್ನು, ಕೆಂಪು ಮೊರಂ ನೆಲವನ್ನು ಶಪಿಸಿದವರೆಷ್ಟು ಮಂದಿ. ನೀರಿಲ್ಲದ ನೆಲವೇ ಬಿದಿರಿನ ಹೊಟ್ಟೆ ತುಂಬಿಸುತ್ತದೆ ಎಂದು ತಿಳಿದ ಗಳಿಗೆಯಲ್ಲಿ ನನಗೆ ಆ ಗಲ್ಲಿಯಲ್ಲೇ ಮೈ ಜುಮ್ಮೆಂದಿತು.

ಇನ್ನೂ ಇದೆ. ಬಿದಿರು ಮರದ ಹಾಗೆ ವರ್ಷವರ್ಷವೂ ದಪ್ಪವಾಗುವುದಿಲ್ಲ. ನೆಲದಿಂದ ಮೊಳೆತಾಗ ಎಷ್ಟು ದಪ್ಪವೋ ಸಾಯುವವರೆಗೂ ಅಷ್ಟೇ. ಒಂದೇ ಹಂಗಾಮಿನಲ್ಲಿ ಪೂರ್ತಿ ಎತ್ತರ ಬೆಳೆದುಬಿಡುತ್ತದೆ, ಆಮೇಲಿನ ವರ್ಷಗಳೆಲ್ಲ ಬಲಿಯುವುದಕ್ಕೆ. ಅದಕ್ಕೇ ಒಂದು ವರ್ಷದ ಗಳವೂ ನಾಲ್ಕು ವರ್ಷದ ಗಳವೂ ದೂರದಿಂದ ಅವಳಿಗಳ ಹಾಗೆ ಕಾಣುತ್ತವೆ. ಬೇರ್ಪಡಿಸುವುದು ಹೇಗೆ? ಮುತ್ಯಾ ಕತ್ತಿಯ ಹಿಂಬದಿಯಿಂದ ಎರಡು ಗಳಗಳನ್ನು ಬಡಿದರು. ಒಂದು "ದಪ್" ಎಂದಿತು, ಇನ್ನೊಂದು "ಟಣ್" ಎಂದಿತು. "ಇದು ಇನ್ನೂ ಕೂಸು. ಅದು ಬಲ್ತದ, ಮಾತಾಡ್ತದ."

ಮೂರು ನಾಲ್ಕು ವರ್ಷದ್ದನ್ನೇ ಕಡಿಯಬೇಕು, ಅದನ್ನೂ ಮಳೆ ನಿಂತು ಚಳಿ ಬಿದ್ದ ಮೇಲೆ. ಬಿದಿರಿನಲ್ಲಿ ಹಿಟ್ಟಿನಂಶ ಹೆಚ್ಚಿದ್ದರೆ ಅದರ ರುಚಿಗೆ ಕುಟ್ಟೆ ಹುಳು ಬಂದು ಕೊರೆದು ಒಳಗೆಲ್ಲ ಪುಡಿ ಮಾಡುತ್ತದೆ. ಅಂಥ ಗಳವನ್ನು ನೆಲಕ್ಕೆ ತಟ್ಟಿದರೆ ಸಣ್ಣ ತೂತುಗಳಿಂದ ನಸುಹಳದಿ ಹುಡಿ ಉದುರುತ್ತದೆ.

ಆ ಹುಡಿ ಉದುರಿದ್ದು ನೋಡಿದಾಗ ನನಗೆ ಮೇದಾರ ಕೇತಯ್ಯ ನೆನಪಾದ! 12ನೆಯ ಶತಮಾನದ ಕಲ್ಯಾಣದಲ್ಲಿ, ಅಂದರೆ ನಮ್ಮದೇ ಜಿಲ್ಲೆಯ ಬಸವಕಲ್ಯಾಣದಲ್ಲಿ, ಬಿದಿರು ಕಡಿದು ಬುಟ್ಟಿ ಹೆಣೆದು ದಾಸೋಹ ಮಾಡಿದ ಶರಣ. ಅವನನ್ನು ಪರೀಕ್ಷಿಸಲು ಶಿವ ಬಿದಿರಿನೊಳಗೆ ಹೊನ್ನು ತುಂಬಿಟ್ಟನಂತೆ. ಕಡಿದಾಗ ಹೊನ್ನು ಸುರಿಯಿತು. ಕೇತಯ್ಯ ಅದನ್ನು ಹುಳು ಎಂದು ಬಗೆದು, ಆ ಬಿದಿರನ್ನು ಬಿಟ್ಟು ಬೇರೆಯದನ್ನು ಹುಡುಕಿ ಹೋದನೆಂದು ಕಥೆ. ಆಸೆ ಗೆದ್ದವನ ಕಥೆಯೆಂದು ಇದನ್ನು ಎಷ್ಟು ಸಲ ಕೇಳಿಲ್ಲ! ಆದರೆ ಇದು ಕಸುಬು ಬಲ್ಲವನ ಕಥೆಯೂ ಹೌದು. ಬಿದಿರಿನಿಂದ ಹಳದಿಯದೇನೋ ಉದುರಿದರೆ ಬಲ್ಲ ಮೇದಾರ ಏನು ಮಾಡಬೇಕೋ ಅದನ್ನೇ ಅವನು ಮಾಡಿದ. ಎಂಟುನೂರು ವರ್ಷಗಳ ಮೇಲೆ ಅದೇ ಪಾಠವನ್ನು ನಾನು ಅದೇ ಸೀಮೆಯ ಗಲ್ಲಿಯಲ್ಲಿ ಕಲಿಯುತ್ತಿದ್ದೆ.

ನಮ್ಮ ಊರಿನ ಹೆಸರೇ ಬಿದಿರಿನಿಂದ ಬಂದದ್ದು ಅನ್ನುತ್ತಾರೆ. ವಿದುರನ ಊರು ಅನ್ನುವ ಐತಿಹ್ಯವೂ ಇದೆ; ನನ್ನ ಮನಸ್ಸು ಬಿದಿರಿನ ಕಡೆಗೇ. ಕನ್ನಡದ ಮಾತುಗಳಂತೂ ಬಿದಿರನ್ನೂ ಬಾಣವನ್ನೂ ಒಂದೇ ಹೊರೆಯಲ್ಲಿ ಕಟ್ಟಿವೆ. ಗಣೆ ಅಂದರೆ ಬಿದಿರಿನ ಕೋಲು, ಕಣೆ ಅಂದರೆ ಬಾಣ. ಹಳಗನ್ನಡದಲ್ಲಿ ಕೋಲು ಅಂದರೂ ಬಾಣವೇ. ಕಿಟಕಿಗೆ ಹಾಕುವ ಸರಳು ಕೂಡ ಹಿಂದೆ ಬಾಣವಾಗಿತ್ತು! ಗರಿ ಕಟ್ಟಿದ ಹಿಂದಿನ ಭಾಗಕ್ಕೆ ಹಿಳುಕು ಎಂಬ ಮುದ್ದಾದ ಹೆಸರಿದೆ. ಕೌಟಿಲ್ಯನ ಅರ್ಥಶಾಸ್ತ್ರ ಬಾಣಗಳನ್ನು ಎಣಿಸುವಾಗ ಮೊದಲು ಹೇಳುವುದು ವೇಣು, ಅಂದರೆ ಬಿದಿರು. ಗ್ರೀಕರ ಹೆರೊಡೊಟಸ್, ಪರ್ಷಿಯದ ಸೇನೆಯಲ್ಲಿದ್ದ ಭಾರತೀಯರು ಹತ್ತಿಬಟ್ಟೆ ತೊಟ್ಟು, ಜೊಂಡಿನ ಬಿಲ್ಲು ಹಿಡಿದು, ಕಬ್ಬಿಣದ ಮೊನೆಯ ಜೊಂಡಿನ ಬಾಣ ತಂದಿದ್ದರೆಂದು ಬರೆದಿಟ್ಟಿದ್ದಾನೆ.

ಬಹಮನಿ ಸುಲ್ತಾನರು ಬೀದರವನ್ನು ರಾಜಧಾನಿ ಮಾಡಿಕೊಂಡ ಕಾಲದಲ್ಲಿ ಅವರ ಬಿಲ್ಲುಗಾರರ ಹೆಸರು ತುಂಗಭದ್ರೆಯಾಚೆಗೂ ಮುಟ್ಟಿತ್ತು. ಬಹಮನಿಗಳು ಏಕೆ ಗೆಲ್ಲುತ್ತಾರೆಂದು ವಿಜಯನಗರದ ಪ್ರೌಢದೇವರಾಯ ತನ್ನವರನ್ನು ಕೇಳಿದಾಗ ಬಂದ ಉತ್ತರ ಎರಡು: ಒಳ್ಳೆಯ ಕುದುರೆ, ಒಳ್ಳೆಯ ಬಿಲ್ಲುಗಾರರು. ಆತ 2,000 ಮುಸ್ಲಿಂ ಬಿಲ್ಲುಗಾರರನ್ನು ಸೇರಿಸಿಕೊಂಡು 60,000 ಹಿಂದೂ ಯೋಧರಿಗೆ ಬಿಲ್ಲುವಿದ್ಯೆ ಕಲಿಸಿದನೆಂದು ಫೆರಿಶ್ತಾ ಬರೆಯುತ್ತಾನೆ. ಅಷ್ಟು ಜನರ ಬತ್ತಳಿಕೆ ತುಂಬಬೇಕಾದರೆ ಎಷ್ಟು ಗಳ ಕಡಿಯಬೇಕಿತ್ತು, ಎಷ್ಟು ಕೈ ಸೀಳಬೇಕಿತ್ತು! ಕೋಟೆಯ ಗೋಡೆ ಹತ್ತಿ ಬಾಣಗಂಡಿಗಳ ಮುಂದೆ ನಿಂತಾಗ ನನಗೆ ಸುಲ್ತಾನರಿಗಿಂತ ಆ ಕೈಗಳೇ ಹೆಚ್ಚು ಕಾಡಿದವು.

ಬಾಣಕ್ಕೆ ಗಟ್ಟಿತನವೊಂದೇ ಸಾಲದು, ಅದು ಬಳುಕಲೂಬೇಕು. ಇದು ನನಗೆ ಕಡೆಯ ಬೆರಗು, ಎಲ್ಲಕ್ಕಿಂತ ದೊಡ್ಡದು. ಹೆದೆ ಹಿಂದಿನಿಂದ ನೂಕುತ್ತದೆ, ಮೊನೆಯ ಭಾರ ತಟ್ಟನೆ ಕದಲಲು ಒಪ್ಪುವುದಿಲ್ಲ, ನಡುವೆ ಸಿಕ್ಕ ಕೋಲು ಬಾಗುತ್ತದೆ. ಬಾಗಿ, ಬಿಲ್ಲಿನ ಹಿಡಿಯನ್ನು ಬಳಸಿಕೊಂಡು, ಮೀನಿನ ಹಾಗೆ ಬಳುಕುತ್ತ ಹೋಗಿ ಗುರಿ ಸೇರುತ್ತದೆ! ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ 1930ರ ದಶಕದಲ್ಲಿ ವೇಗದ ಕ್ಯಾಮರಾದಿಂದ ಇದನ್ನು ಚಿತ್ರಿಸಿದರು. ಕೋಲು ಹೆಚ್ಚು ಬಿರುಸಾದರೂ ಹೆಚ್ಚು ಮೆತ್ತಗಾದರೂ ಬಾಣ ಪಕ್ಕಕ್ಕೆ ಸರಿಯುತ್ತದೆ. ಅಳೆಯುವುದು ಸುಲಭ. 26 ಅಂಗುಲ ದೂರದ ಎರಡು ಆಧಾರಗಳ ಮೇಲೆ ಕೋಲನ್ನಿಟ್ಟು ನಡುವೆ 2 ಪೌಂಡ್, ಅಂದರೆ ಸುಮಾರು 900 ಗ್ರಾಂ ತೂಗುಬಿಡಿ. ಎಷ್ಟು ಅಂಗುಲ ಬಾಗಿತೋ ಅದರಿಂದ 26ನ್ನು ಭಾಗಿಸಿ. ಅರ್ಧ ಅಂಗುಲ ಬಾಗಿದರೆ 52. ಸುಮಾರು 52 ಪೌಂಡ್ ಎಳೆತದ ಬಿಲ್ಲಿಗೆ ಆ ಕೋಲು ಹೊಂದುತ್ತದೆ.

ಲಾಠಿ ದಪ್ಪದ ಗಳದಿಂದ ಕಿರುಬೆರಳು ದಪ್ಪದ ಬಾಣ ತೆಗೆಯುವುದನ್ನು ಮುತ್ಯಾ ನನ್ನ ಕಣ್ಣೆದುರೇ ಮಾಡಿದರು. ನಾಲ್ಕು ಸೀಳು, ಮತ್ತೆ ಎಂಟು. ಸಿಪ್ಪೆಯ ಹತ್ತಿರದ ಸೀಳನ್ನೇ ಆರಿಸಿಕೊಂಡರು, ನಾರು ಒತ್ತೊತ್ತಾಗಿರುವುದು ಅಲ್ಲಿಯೇ. ಗೆಣ್ಣಿನ ಉಬ್ಬನ್ನು ಮಾತ್ರ ಸವರಿದರು, ಆಳಕ್ಕೆ ಕೆತ್ತಲಿಲ್ಲ. ಕೆಂಡದ ಕಾವಿಗೆ ಹಿಡಿದು ಡೊಂಕು ತಿದ್ದಿದರು. ಕಾವಿಗೆ ಒಳಗಿನ ಲಿಗ್ನಿನ್ ಮೆತ್ತಗಾಗಿ, ತಣಿದಾಗ ತಿದ್ದಿದ ಆಕಾರದಲ್ಲೇ ಗಟ್ಟಿಯಾಗುತ್ತದೆ. ಕಡೆಗೆ ಒಂದು ಕಣ್ಣು ಮುಚ್ಚಿ, ಕೋಲಿನ ಗುಂಟ ನೋಡಿ, ನನ್ನ ಕೈಗಿಟ್ಟರು. ಭಾಲ್ಕಿಯಲ್ಲಿ ಆ ಬಾಣ ಈಗ ನೂರು ಸಲ ಹುಲ್ಲಿನ ಪಿಂಡಿಗೆ ನಾಟಿದೆ, ಇನ್ನೂ ಬಿರುಕಿಲ್ಲ.

ನೀವೂ ಮಾಡಿಸುವುದಾದರೆ ಚಳಿ ಮುಗಿಯುವ ಮುನ್ನ ನಿಮ್ಮೂರಿನ ಮೇದಾರರ ಬಳಿ ಹೋಗಿ. ಈ ಕಡೆ ಬುರುಡರು ಎಂದೂ ಕರೆಯುತ್ತಾರೆ. ಕೇಳಿದ ಬೆಲೆಯನ್ನು ಚೌಕಾಸಿ ಮಾಡದೆ ಕೊಡಿ. ಮತ್ತೆ, ಬಾಣ ಹೂಡುವ ಮುನ್ನ ಪ್ರತಿ ಸಲವೂ ಅದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಾಗಿಸಿ. ಚಿಟ್ ಎಂದು ಸದ್ದು ಬಂದರೆ ಅದು ಒಳಗೆ ಸೀಳಿದೆ ಎಂದೇ ಅರ್ಥ. ಬಿಟ್ಟರೆ ಚೂರಾಗಿ ನಿಮ್ಮ ಕೈಗೇ ನಾಟುತ್ತದೆ. ಎರಡು ತುಂಡು ಮಾಡಿ ಒಲೆಗೆ ಹಾಕಿ.